ಎಡ ಮೂಲೆ ನನ್ನದು

ಮಾರ್ಚ್ 3, ಸೋಮವಾರ

ಕೊನೆಗೂ ಹೊಸ ಸರ್ವರ್ ಬಂತು. ಮರದ ಪೆಟ್ಟಿಗೆಯ ಮೇಲೆ ಇಬ್ಬರು ಸೇರಿ ಎತ್ತುವ ಚಿತ್ರ, ಪಕ್ಕದಲ್ಲಿ ಒಬ್ಬನೇ ಎತ್ತುವ ಚಿತ್ರಕ್ಕೆ ಕೆಂಪು ಅಡ್ಡಗೆರೆ. ತೂಕ ಓದಿದರೆ ಇಬ್ಬರೂ ಸಾಲುವುದಿಲ್ಲ. ಹೆಚ್ಚುಕಡಿಮೆ ನನ್ನಷ್ಟೇ ಇದೆ. ಲಾರಿಯವರು ಆಸ್ಪತ್ರೆಯ ನೆಲಮಾಳಿಗೆಯ ಬಾಗಿಲಲ್ಲಿ ಇಳಿಸಿ, "ನಮ್ಮ ಕೆಲಸ ಬಾಗಿಲ ತನಕ" ಎಂದು ಹೊರಟೇಹೋದರು. ನಾನೂ ಮೌನಿಯೂ ತಳ್ಳುಗಾಡಿಗೆ ಹೇರಿ ಒಳಗೆ ತಂದೆವು. ಮೌನಿ ಇವತ್ತೂ ತನ್ನ ಹೆಸರು ಉಳಿಸಿಕೊಂಡ. ಎಲೆಕ್ಟ್ರಿಷಿಯನ್ ಆದವನಿಗೆ ಬಾಯಲ್ಲೂ ಫ್ಯೂಸ್ ಇರುತ್ತದೋ ಏನೋ, ಎರಡು ಮಾತಾಡಿದರೆ ಹಾರಿಹೋಗುತ್ತದೆ.

ಹಳೆಯ ಸರ್ವರಿಗೆ ನಾವು ಅಜ್ಜ ಅನ್ನುತ್ತೇವೆ. ಇಡೀ ಆಸ್ಪತ್ರೆಯ ಎಕ್ಸ್‌ರೇ, ಸ್ಕ್ಯಾನು, ರಕ್ತದ ರಿಪೋರ್ಟು ಎಲ್ಲ ಅದರ ಹೊಟ್ಟೆಯಲ್ಲಿದೆ. ಈಗೀಗ ಫ್ಯಾನು ಉಬ್ಬಸದವರ ಹಾಗೆ ಎಳೆಯುತ್ತಿದೆ. ರ‍್ಯಾಕಿನ ಕೆಳಗಿನ ಅರ್ಧ ಬ್ಯಾಟರಿಗಳು, ಅದರ ಮೇಲೆ ಅಜ್ಜ. ಖಾಲಿ ಜಾಗ ಇರುವುದು ನನ್ನ ಎದೆಮಟ್ಟದಲ್ಲಿ. ಅಷ್ಟೆತ್ತರಕ್ಕೆ ಎತ್ತಬೇಕು.

ಎತ್ತೋಣ. ಈ ಕೆಲಸಕ್ಕೆ ಸೇರಿದ ದಿನ ಆಗಿನ ಮ್ಯಾನೇಜರು "ಹೆಣ್ಣುಮಗಳು, ಭಾರ ಎತ್ತೋಕಾಗುತ್ತಾ?" ಎಂದಿದ್ದರು. ಬಾಗಿಲ ಬಳಿ ಇದ್ದ ಬ್ಯಾಟರಿ ಎತ್ತಿ ಅವರ ಮೇಜಿನ ಮೇಲೇ ಇಟ್ಟಿದ್ದೆ. ಅಲ್ಲಿಂದ ಮುಂದೆ ಯಾವ ಪೆಟ್ಟಿಗೆ ಎತ್ತುವಾಗಲೂ ಮುಂದಿನ ಎಡ ಮೂಲೆ ನನ್ನದೇ. ಯಾರೂ ಕೇಳುವುದೇ ಇಲ್ಲ, ಅಲ್ಲಿ ಜಾಗ ಬಿಟ್ಟು ನಿಲ್ಲುತ್ತಾರೆ.

ಎಡಗೈಯಿಂದ ಸ್ಕ್ರೂಡ್ರೈವರ್ ಮತ್ತೆ ಜಾರಿತು. ನಿದ್ದೆ ಸಾಲದು, ಅಷ್ಟೆ.

ಮಾರ್ಚ್ 5, ಬುಧವಾರ

ಹೊಸ ಸರ್ವರ್ ಜಾರಿಸಲು ರ‍್ಯಾಕಿಗೆ ರೈಲು ಕೂರಿಸಿದೆವು. ಮೇಜಿನ ಡ್ರಾಯರು ಜಾರುವುದಕ್ಕೆ ಎರಡು ಪಕ್ಕದಲ್ಲಿ ಪಟ್ಟಿ ಇರುವುದಿಲ್ಲವೇ, ಹಾಗೆಯೇ ಇದೂ. ರ‍್ಯಾಕಿನ ಚೌಕ ತೂತಿಗೆ ಚೌಕ ನಟ್ಟನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸಿ, ಅದಕ್ಕೆ ರೈಲು ಬಿಗಿಯಬೇಕು. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ.

ಹೆಬ್ಬೆರಳು ಒತ್ತಲಿಲ್ಲ. ಒತ್ತು ಎಂದರೆ ಸುಮ್ಮನೆ ಆ ನಟ್ಟಿನ ಮೇಲೆ ಕೂತಿತು, ಕೆಲಸಕ್ಕೆ ಬಂದು ಕುರ್ಚಿ ಬಿಸಿ ಮಾಡುವವರ ಹಾಗೆ. ಮೌನಿ ಸ್ವಲ್ಪ ಹೊತ್ತು ನೋಡಿ, ನನ್ನ ಅಂಗೈಯಿಂದ ನಟ್ಟು ತೆಗೆದುಕೊಂಡು ತಾನೇ ಒತ್ತಿದ.

"ಚಳಿ. ಕೈ ಮರಗಟ್ಟಿದೆ" ಅಂದೆ.

ಅವನು ಎದ್ದು ಹೋಗಿ ಎಸಿ ಕಡಿಮೆ ಮಾಡಿ ಬಂದ. ಸರ್ವರ್ ಕೋಣೆಯಲ್ಲಿ ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ಅವನಿಗೂ ಗೊತ್ತು. ಆಮೇಲೆ ಇಬ್ಬರೂ ಬೆವರುತ್ತಾ ಕೆಲಸ ಮಾಡಿದೆವು. ಕೈ ಹಾಗೇ ಇತ್ತು.

ಮಾರ್ಚ್ 9, ಭಾನುವಾರ

ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯಲಾಗದೆ ಹಾಗೇ ಕಪಾಟಿನಲ್ಲಿಟ್ಟು, ಸಕ್ಕರೆಯಿಲ್ಲದ ಚಹಾ ಮಾಡಿದೆ. "ಸಕ್ಕರೆ ಬಿಟ್ಟರೆ ಒಳ್ಳೇದಂತೆ" ಅಂದೆ. ಇವರು ಪಾಪ ಒಂದು ಗುಟುಕು ಕುಡಿದು, ಸೈಕಲ್ ಅಂಗಡಿಗೆ ಹೊತ್ತಾಯಿತೆಂದು ಎದ್ದರು. ಅಮ್ಮ ಅಷ್ಟು ಸುಲಭಕ್ಕೆ ಬಿಡುವವಳಲ್ಲ. "ಒಳ್ಳೇದು ಯಾರಿಗೆ? ಎಪ್ಪತ್ನಾಲ್ಕಾಯ್ತು, ಇನ್ನು ನಾನು ಒಳ್ಳೇದಾಗಿ ಯಾರನ್ನ ಉದ್ಧಾರ ಮಾಡ್ಬೇಕು?" ಎಂದು ತಾನೇ ಡಬ್ಬಿ ತೆಗೆದಳು. ಟಪ್ ಅಂತ ಬಂತು.

ಆಮೇಲೆ ನನ್ನ ಜಡೆ ನೋಡಿ, "ಇದೇನೇ ಪುಟ್ಟಿ, ಹಗ್ಗ ಹೊಸೆದ ಹಾಗಿದೆ. ಬಾ ಇಲ್ಲಿ" ಎಂದು ಕೂರಿಸಿಕೊಂಡು ಹೆಣೆದಳು. ನಲವತ್ತೆಂಟು ವರ್ಷದ ಪುಟ್ಟಿ ತೆಪ್ಪಗೆ ಕೂತಳು.

ಮಾರ್ಚ್ 12, ಬುಧವಾರ

ಎಡಗೈಯ ಕೊನೆಯ ಪರೀಕ್ಷೆ ಇವತ್ತು ಆಯಿತು. ಜನವರಿಯಿಂದ ಊಟದ ಬಿಡುವಿನಲ್ಲಿ ಕದ್ದು ಕದ್ದು ಮೇಲಿನ ಮಹಡಿಗೆ ಹೋಗುತ್ತಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಸೂಜಿ ಚುಚ್ಚಿ ಸ್ನಾಯು ಮಾತಾಡುತ್ತದೆಯೋ ಇಲ್ಲವೋ ಕೇಳುತ್ತಾರೆ. ಯಂತ್ರದಿಂದ ಬಂದದ್ದು ಜಿನುಗು ಮಳೆಯಂಥ ಸದ್ದು. ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಲಿಲ್ಲ. ಪರೀಕ್ಷೆ ಮಾಡಿದಾಕೆ ಮೊದಲು ಬಾಯಿತುಂಬ ಮಾತಾಡುತ್ತಿದ್ದಳು. ಅರ್ಧಕ್ಕೆ ನಿಲ್ಲಿಸಿಬಿಟ್ಟಳು.

ಮಾರ್ಚ್ 14, ಶುಕ್ರವಾರ

ನರದ ಡಾಕ್ಟರು ನನ್ನನ್ನು ನೋಡದೆ ಪರದೆ ನೋಡಿಕೊಂಡು ಹೇಳಿದರು. ಆ ಪರದೆಯನ್ನು ಹೋದ ತಿಂಗಳು ಸರಿಮಾಡಿಕೊಟ್ಟವಳು ನಾನೇ.

ನರಗಳಿಂದ ಸ್ನಾಯುವಿಗೆ ಹೋಗುವ ಅಪ್ಪಣೆ ನಿಂತುಹೋಗುತ್ತಾ ಬರುತ್ತದಂತೆ. ಮೊದಲು ಎಡಗೈ. ಆಮೇಲೆ ಬಲಗೈ. ಆಮೇಲೆ ಉಳಿದದ್ದು.

ಔಷಧ ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಮಾರ್ಚ್ 18, ಮಂಗಳವಾರ

ನಮ್ಮ ವಿಭಾಗದ ಸಾಹೇಬರು ಕರೆದು, "ಮೇಡಂ, ಈ ಭಾನುವಾರ ಸರ್ವರ್ ಕೂರಿಸಿಬಿಡೋಣ. ಹೊರರೋಗಿಗಳು ಇರಲ್ಲ" ಅಂದರು. ಎತ್ತುವ ಯಂತ್ರ ತರಿಸಿ ಎಂದೆ. ಕೈಯಲ್ಲಿ ತಿರುಗಿಸಿದರೆ ತಟ್ಟೆ ಮೇಲೇರುವ ಗಾಡಿ ಒಂದಿದೆ, ಆಚೆ ಕಟ್ಟಡದಲ್ಲಿ. ಅದರ ಸರಪಳಿ ತುಂಡಾಗಿ ಮೂಲೆಗೆ ಬಿದ್ದಿದೆಯಂತೆ. ಸರ್ವರ್ ಮಾರಿದ ಕಂಪನಿಯವರನ್ನು ಕರೆಯಿರಿ ಎಂದೆ. ಅವರು ಮುಂದಿನ ತಿಂಗಳು ಬರುತ್ತಾರಂತೆ.

"ಇಷ್ಟು ವರ್ಷ ಇಲ್ಲದ ಗಾಡಿ ಈಗ್ಯಾಕೆ ಮೇಡಂ? ನೀವಿದ್ದೀರಲ್ಲ!" ಎಂದು ನಕ್ಕರು.

ಅದು ಹೊಗಳಿಕೆ. ನಾನೂ ನಕ್ಕೆ.

ಆಗಲೇ ಹೇಳಬಹುದಿತ್ತು. ಬಾಯಿಯ ತನಕ ಬಂದಿತ್ತು. ಹೇಳಿದರೆ ನಾಳೆಯಿಂದ ನಾನು ಏನು? ಹೆಣ್ಣುಮಗಳು, ಭಾರ ಎತ್ತೋಕಾಗಲ್ಲ.

ಮಾರ್ಚ್ 20, ಗುರುವಾರ

ಅಜ್ಜ ಇವತ್ತು ಮಧ್ಯಾಹ್ನ ಮಲಗಿಬಿಟ್ಟ. ಎರಡನೆಯ ಡಿಸ್ಕೂ ಹೋಯಿತು. ಇನ್ನೊಂದು ಹೋದರೆ ಮುಗಿಯಿತು. ತುರ್ತು ವಿಭಾಗದ ಡಾಕ್ಟರಮ್ಮ ಮೆಟ್ಟಿಲಿಳಿದು ತಾವೇ ಓಡಿಬಂದರು. "ಮೇಲೆ ಒಬ್ಬರಿಗೆ ತಲೆಗೆ ಏಟಾಗಿದೆ. ಸ್ಕ್ಯಾನ್ ಮಾಡಿದ್ದೀವಿ, ಆದರೆ ನೋಡೋಕಾಗ್ತಿಲ್ಲ. ಕುರುಡಿ ಥರ ನಿಂತಿದ್ದೀನಿ. ಎಷ್ಟು ಹೊತ್ತು ಹೇಳಿ?"

"ಗೊತ್ತಿಲ್ಲ" ಅಂದೆ. ನಿಜಕ್ಕೂ ಗೊತ್ತಿರಲಿಲ್ಲ. ಆಕೆ ಬಾಗಿಲಲ್ಲೇ ನಿಂತರು. ನಾನು ಬಲಗೈಯಲ್ಲಿ ಕೆಲಸ ಮಾಡಿದೆ, ಎಡಗೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು. ಅಜ್ಜ ಕೊನೆಗೂ ಕೆಮ್ಮುತ್ತಾ ಎದ್ದ. ಡಾಕ್ಟರಮ್ಮ ಥ್ಯಾಂಕ್ಸ್ ಕೂಡ ಹೇಳದೆ ಓಡಿದರು. ಆ ರೋಗಿ ಏನಾದರೆಂದು ಸಂಜೆ ಕೇಳಬೇಕೆಂದುಕೊಂಡೆ, ಧೈರ್ಯ ಬರಲಿಲ್ಲ.

ಭಾನುವಾರ ಆಗಲೇಬೇಕು. ಮುಂದೂಡುವ ಮಾತೇ ಇಲ್ಲ.

ಮಾರ್ಚ್ 22, ಶನಿವಾರ

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲವೆಂದು ಅಮ್ಮನ ಹಳೆಯ ಹೊಲಿಗೆ ಯಂತ್ರ ಎತ್ತಿ ನೋಡಿದೆ. ಕಬ್ಬಿಣದ್ದು, ಒಳ್ಳೆ ಭಾರ. ನೆಲದಿಂದ ಮಂಚದ ತನಕ ಬಂತು. ಅಲ್ಲಿ ಬೆರಳುಗಳು ಬಿಚ್ಚಿಕೊಂಡವು. ಯಂತ್ರ ಮೂಲೆಯ ಮೇಲೆ ಬಿದ್ದು ನೆಲದ ಹಾಸುಗಲ್ಲು ಒಡೆಯಿತು.

ಅಮ್ಮ ಮನೆಯಲ್ಲೇ ಇದ್ದಳು. ಹಿತ್ತಿಲಿಂದ ಬಂದು ಬಾಗಿಲಲ್ಲಿ ನಿಂತಳು.

"ಏನೇ ಅದು?"

"ಏನಿಲ್ಲಮ್ಮ. ಕಸ ಗುಡಿಸೋಣ ಅಂತ ಸರಿಸಿದೆ."

"ನೀನು? ಕಸ? ಇಷ್ಟು ವರ್ಷ ಆದ್ಮೇಲೆ ಇವತ್ತು ಮುಹೂರ್ತ ಬಂತಾ?"

ನಾನು ನಗಲಿಲ್ಲ. ಅವಳು ಬಂದು ನನ್ನ ಪಕ್ಕ ನೆಲದ ಮೇಲೆ ಕೂತು, ತೋರುಬೆರಳು ಚಾಚಿದಳು. "ಹಿಡಿ."

ಹಿಡಿದೆ.

"ಗಟ್ಟಿಯಾಗಿ."

"ಗಟ್ಟಿಯಾಗೇ ಹಿಡಿದಿದ್ದೀನಮ್ಮ."

ಅವಳು ಬೆರಳು ಎಳೆದಳು, ಸಲೀಸಾಗಿ ಬಿಡಿಸಿಕೊಂಡು ಬಂತು. ಆಮೇಲೆ, "ಹುಟ್ಟಿದ ದಿನ ಇದಕ್ಕಿಂತ ಗಟ್ಟಿಯಾಗಿ ಹಿಡ್ಕೊಂಡಿದ್ದೆ ಕಣೇ ನೀನು" ಅಂದಳು.

ಎಲ್ಲ ಹೇಳಿದೆ. ಡಾಕ್ಟರು ಹೇಳಿದ ಹೆಸರು, ಬಲಗೈ, ಉಳಿದದ್ದು. ಅಮ್ಮ ಅಳಲಿಲ್ಲ. ಒಡೆದ ಹಾಸುಗಲ್ಲಿನ ಚೂರುಗಳನ್ನು ಒಂದೊಂದೇ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಾ ಕೇಳಿದಳು.

"ನಾಳೆ ಹೋಗಬೇಡ."

"ಹೋಗಲೇಬೇಕು. ರೈಲು ಕೂರಿಸಿದವಳು ನಾನು. ಯಾವುದು ಎಲ್ಲಿಗೆ ಅಂತ ಗೊತ್ತಿರೋದು ನನಗೇ."

"ಹಾಗಾದ್ರೆ ಹೋಗಿ ಹೇಳು. ಕೈಯಲ್ಲಾಗಲ್ಲ ಅಂತ ಬಾಯಿಬಿಟ್ಟು ಹೇಳು. ಬಾಯಿಗೇನೂ ಆಗಿಲ್ವಲ್ಲ?"

ಹೇಳುತ್ತೇನೆ ಎಂದು ಮಾತು ಕೊಟ್ಟೆ. ನಾಳೆ ಹೋದ ಕೂಡಲೇ ಹೇಳಿಬಿಡುತ್ತೇನೆ.

ಮಾರ್ಚ್ 23, ಭಾನುವಾರ

ಹೇಳಲಿಲ್ಲ.

ಬೆಳಿಗ್ಗೆ ಹೋದಾಗ ಮೌನಿ ಆಗಲೇ ಪೆಟ್ಟಿಗೆ ಬಿಚ್ಚಿದ್ದ. ಡಿಸ್ಕು, ಕರೆಂಟಿನ ಡಬ್ಬಿಗಳು, ತೆಗೆಯಬಹುದಾದದ್ದನ್ನೆಲ್ಲ ತೆಗೆದು ಭಾರ ಇಳಿಸಿದೆವು. ಆದರೂ ಅದು ಭಾರವೇ. ಗೇಟಿನ ಸೆಕ್ಯುರಿಟಿಯವರೊಬ್ಬರು ಬಂದರು. ಸಾಹೇಬರು ಅಂಗಿಯ ತೋಳು ಮಡಚಿಕೊಂಡು, "ನಾನೂ ಒಂದು ಕೈ ಹಾಕ್ತೀನಿ, ಕಾಲೇಜಲ್ಲಿ ಕಬಡ್ಡಿ ಆಡಿದವನು" ಎಂದರು. ಎಲ್ಲರೂ ನಕ್ಕೆವು. ಆಗ ಹೇಳೋಣವೆಂದುಕೊಂಡೆ. ನಗು ಮುಗಿಯಲಿ ಎಂದುಕೊಂಡೆ. ನಗು ಮುಗಿಯುವಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಮೂಲೆಗೆ ಹೋಗಿ ನಿಂತಿದ್ದರು. ಮುಂದಿನ ಎಡ ಮೂಲೆ ಖಾಲಿ ಇತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹೋಗಿ ನಿಂತೆ.

ಎತ್ತಿದೆವು. ಬಲಗೈಯನ್ನು ಅಡಿಗೆ ಕೊಟ್ಟು, ಎಡಗೈಯನ್ನು ಪಕ್ಕಕ್ಕೆ ಆನಿಸಿಕೊಂಡೆ. ಸೊಂಟದ ಮಟ್ಟ ದಾಟಿತು. ಎದೆಮಟ್ಟಕ್ಕೆ ಬಂತು. ಹಿಂಬದಿ ಮೊದಲು ಒಳಗೆ ಹೋಗಬೇಕು. ಮೌನಿ, ಸಾಹೇಬರು ಆ ತುದಿಯನ್ನು ರೈಲಿನ ಬಾಯಿಗೆ ತಂದರು. ಬಲಪಕ್ಕ ಹೊಕ್ಕಿತು. ಎಡಪಕ್ಕ ಒಂದು ಎಳೆ ಕೆಳಗಿತ್ತು.

"ಮೇಡಂ, ನಿಮ್ಮ ಕಡೆ ಸ್ವಲ್ಪ ಮೇಲೆ" ಅಂದರು ಸಾಹೇಬರು.

ಮೇಲೆತ್ತಲು ಬಲಗೈ ಸರಿಸಬೇಕು. ಸರಿಸುವಷ್ಟು ಹೊತ್ತು ಎಡಗೈ ತಡೆಯಬೇಕು. ಅಷ್ಟೇ ಅಷ್ಟು ಹೊತ್ತು.

ನಾನು ಬಿಡಲಿಲ್ಲ. ಕೈ ಬಿಟ್ಟಿತು. ಇದನ್ನು ಯಾರಿಗಾದರೂ ಹೇಗೆ ವಿವರಿಸುವುದು ತಿಳಿಯುತ್ತಿಲ್ಲ. ನಾನು ಪೂರ್ತಿ ಬಲ ಹಾಕಿ ಹಿಡಿದುಕೊಂಡೇ ಇದ್ದೆ. ನನ್ನ ಬೆರಳುಗಳು ಬಿಚ್ಚಿಕೊಳ್ಳುವುದನ್ನು ನೋಡುತ್ತಾ ನಿಂತಿದ್ದೆ, ಬೇರೆ ಯಾರದೋ ಬೆರಳು ನೋಡುವ ಹಾಗೆ. ಮೂಲೆ ನನ್ನ ಕಾಲಿನ ಕಡೆಗೆ ವಾಲಿತು. ನನ್ನ ಹಿಂದಿನ ಮೂಲೆಯಲ್ಲಿದ್ದ ಮೌನಿ ತನ್ನ ತುದಿ ಬಿಟ್ಟು ಬಗ್ಗಿ ನುಗ್ಗಿ ಹೆಗಲು ಕೊಟ್ಟ. ಅವನ ಬಾಯಿಂದ ಒಂದು ಸದ್ದು ಬಂತು. ಮಾತಲ್ಲ, ಸದ್ದು. ಸೆಕ್ಯುರಿಟಿಯವರು ಇಡೀ ಸರ್ವರನ್ನು ಮಗುವಿನ ಹಾಗೆ ತಬ್ಬಿಕೊಂಡರು. ಹೇಗೋ ಮತ್ತೆ ತಳ್ಳುಗಾಡಿಯ ಮೇಲೆ ಇಳಿಸಿದೆವು. ಇಳಿಸಿದರು. ನಾನು ಏನೂ ಮಾಡಲಿಲ್ಲ.

"ಏನಾಯ್ತು? ಏನಾಯ್ತು ಮೇಡಂ?" ಸಾಹೇಬರ ಮುಖದಲ್ಲಿ ರಕ್ತವಿರಲಿಲ್ಲ.

"ನನ್ನ ಕಾಲು ಜಾರಿತು ಸಾರ್" ಅಂದ ಮೌನಿ, ಹೆಗಲು ಹಿಡಿದುಕೊಂಡು, ಕೆಳಗೆ ಕೂತೇ.

ಅದು ಕೇಳಿ ನನಗೆ ತಡೆಯಲಾಗಲಿಲ್ಲ.

"ಸುಳ್ಳು. ನನ್ನ ಕೈ. ಎಡಗೈ ಹೋಗಿದೆ ಸಾರ್. ಇನ್ನು ಸರಿಹೋಗಲ್ಲವಂತೆ. ಬೆಳಿಗ್ಗೆನೇ ಹೇಳ್ಬೇಕಿತ್ತು."

ಸಾಹೇಬರು ಮಡಚಿದ್ದ ತೋಳನ್ನು ಕೆಳಗಿಳಿಸಿ ಗುಂಡಿ ಹಾಕಿಕೊಂಡರು. ಆಮೇಲೆ ವಾರ್ಡಿಗೆ ಫೋನ್ ಮಾಡಿ, ರೋಗಿಗಳನ್ನು ಸ್ಟ್ರೆಚರಿಗೆ ಎತ್ತುವ ಇಬ್ಬರನ್ನು ಕರೆಸಿದರು. ಮೌನಿಯನ್ನು ಕುರ್ಚಿಯಲ್ಲಿ ಕೂರಿಸಿದೆವು. ಮೇಲೆ ಹೋಗಿ ತೋರಿಸಿಕೊಂಡು ಬಾ ಎಂದರೆ ಕೂತ ಜಾಗ ಬಿಡಲಿಲ್ಲ.

ಎರಡನೆಯ ಸಲ ನಾನು ರ‍್ಯಾಕಿನ ಹಿಂದೆ ನಿಂತೆ. ಅಲ್ಲಿಂದ ರೈಲಿನ ಬಾಯಿ ಕಾಣುತ್ತದೆ. ಎಡಕ್ಕೆ, ಇನ್ನೂ ಸ್ವಲ್ಪ, ಮೇಲೆ, ಸಾಕು, ತಳ್ಳಿ. ಇಷ್ಟೇ ನನ್ನ ಕೆಲಸ. ಟಕ್ ಎಂದು ಎಡಗಡೆ, ಟಕ್ ಎಂದು ಬಲಗಡೆ. ಕೂತಿತು.

ಎಲ್ಲರೂ ಹೋದ ಮೇಲೆ ಮೌನಿ ಹೇಳಿದ: "ಜನವರಿಯಿಂದ ನೋಡ್ತಿದ್ದೀನಿ ಅಕ್ಕ. ಚಳಿ ಅಂದ್ರಿ. ಸರಿ, ಚಳಿನೇ ಇರಲಿ ಅಂತ ಅಂದ್ಕೊಂಡೆ. ಅದಕ್ಕೇ ಇವತ್ತು ನಿಮ್ಮ ಹಿಂದಿನ ಮೂಲೆ ಹಿಡಿದಿದ್ದು."

ಮಾರ್ಚ್ 24, ಸೋಮವಾರ

ಹೊಸ ಸರ್ವರ್ ಶುರುವಾಯಿತು. ಅದಕ್ಕೆ ಬಂದ ಮೊದಲ ಎಕ್ಸ್‌ರೇ ಮೌನಿಯ ಹೆಗಲು. ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂದು ನೋಡಬೇಕಿತ್ತು, ನೋಡಿದೆ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅಜ್ಜನಲ್ಲಾಗಿದ್ದರೆ ಕಾಣುತ್ತಿರಲಿಲ್ಲವೇನೋ.

ಮಾರ್ಚ್ 26, ಬುಧವಾರ

ಇವರಿಗೆ ಹೇಳಿದೆ. ಅಂಗಡಿಯಲ್ಲೇ, ಗಿರಾಕಿ ಇಲ್ಲದ ಹೊತ್ತು ನೋಡಿ. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಒಂದು ಚಕ್ರ ಬಿಚ್ಚಿಟ್ಟುಕೊಂಡು ಕಡ್ಡಿ ಬಿಗಿಯುತ್ತಿದ್ದರು. ನಾನು ಹೇಳಿ ಮುಗಿಸಿದ ಮೇಲೂ ಚಕ್ರ ತಿರುಗಿಸಿ ತಿರುಗಿಸಿ ನೋಡುತ್ತಲೇ ಇದ್ದರು.

"ರೀ, ಏನಾದ್ರೂ ಹೇಳಿ."

"ಬಿಚ್ಚಿ ನೋಡೋ ಹಾಗಿದ್ದಿದ್ರೆ ಸರಿ ಮಾಡ್ಬಿಡ್ತಿದ್ದೆ ಕಣೇ" ಅಂದರು. ಅಷ್ಟು ಹೇಳಿ ಗ್ರೀಸು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡರು. ಆಮೇಲೆ ಅವರ ಮುಖ ತೊಳೆಯಬೇಕಾಯಿತು. ಬಲಗೈಯಲ್ಲಿ ತೊಳೆದೆ. ಮಸಿ ಪೂರ್ತಿ ಹೋಗಲಿಲ್ಲ, ಹಾಗೇ ಗಿರಾಕಿ ಬಂದ.

ಏಪ್ರಿಲ್ 8, ಮಂಗಳವಾರ

ಸಾಹೇಬರು ಒಳ್ಳೆಯವರೇ. "ನಿಮಗೆ ಮೇಲೆ ಕುರ್ಚಿ ಕೆಲಸ ಕೊಡ್ತೀನಿ ಮೇಡಂ, ಎಷ್ಟು ದಿನ ಆಗುತ್ತೋ ಅಷ್ಟು ದಿನ" ಅಂದರು. ಕೊನೆಯ ಮಾತು ತಪ್ಪಿ ಬಂತೆಂದು ಅವರಿಗೇ ಗೊತ್ತಾಗಿ ಕೆಮ್ಮಿದರು. ಸರ್ವರ್ ಕೋಣೆಯ ಬೀಗದ ಕೈ ಕೇಳಿದರು. ನಿಯಮವಂತೆ. ಗೊಂಚಲಿನಿಂದ ಅದೊಂದನ್ನು ಬಿಡಿಸಲು ನನಗೆ ಆಗಲಿಲ್ಲ. ಅವರೇ ಬಿಡಿಸಿಕೊಂಡರು.

ನನ್ನ ಕಿಟಕಿಯಿಂದ ಈಗ ಸೈಕಲ್ ನಿಲ್ದಾಣ ಕಾಣುತ್ತದೆ. ನೆಲಮಾಳಿಗೆಯಲ್ಲಿ ಕಿಟಕಿಯೇ ಇರಲಿಲ್ಲ. ಎಲ್ಲರೂ ಒಳ್ಳೆಯ ಜಾಗ ಸಿಕ್ಕಿತು ಅನ್ನುತ್ತಾರೆ.

ಮೇ 6, ಮಂಗಳವಾರ

ಬಲಗೈ ಹೆಬ್ಬೆರಳು.

ಜೂನ್ 19, ಗುರುವಾರ

ಅಂಗಿಯ ಗುಂಡಿ ಇವರು ಹಾಕುತ್ತಾರೆ, ಜಡೆ ಅಮ್ಮ ಹಾಕುತ್ತಾಳೆ. ಮೊದಮೊದಲು ಮುಖ ಗೋಡೆಯ ಕಡೆ ತಿರುಗಿಸಿಕೊಂಡು ನಿಲ್ಲುತ್ತಿದ್ದೆ. ಇವತ್ತು ಇವರು ಒಂದು ಗುಂಡಿ ತಪ್ಪಿಸಿ ಹಾಕಿದ್ದರು. ಕೆಲಸದಲ್ಲಿ ಮಧ್ಯಾಹ್ನ ಗೊತ್ತಾಯಿತು. ಪಕ್ಕದ ಮೇಜಿನಾಕೆಯನ್ನು "ಸ್ವಲ್ಪ ಸರಿ ಮಾಡಿಕೊಡ್ತೀಯಾ" ಎಂದು ಕೇಳಿದೆ. ಆಕೆ ಸರಿ ಮಾಡಿದಳು. ಇನ್ನೇನೂ ವಿಶೇಷವಿಲ್ಲ.

ಬರೆಯುವುದು ಕಷ್ಟ. ಅಕ್ಷರ ನನಗೇ ಓದಲಾಗುತ್ತಿಲ್ಲ.

ಆಗಸ್ಟ್ 17, ಭಾನುವಾರ

ಇದನ್ನು ಬರೆಯುತ್ತಿರುವುದು ಅಮ್ಮ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಹಿಂದಿನ ಪುಟ ತಿರುಗಿಸಬಾರದೆಂದು ಆಣೆ ಹಾಕಿಸಿದ್ದೇನೆ. ಓದಿರುತ್ತಾಳೆ.

ಓದಿಲ್ಲ. ಇದು ನಾನು, ಅಮ್ಮ. ಓದಿದ್ದರೂ ಏನಾಯ್ತು?

ಹೀಗೆ ಮಧ್ಯೆ ಬಾಯಿ ಹಾಕಬಾರದು ಎಂದು ಹೇಳಿದೆ. ನಿಧಾನವಾಗಿ ಹೇಳು, ನಾನೇನು ನಿನ್ನ ಮಿಷನ್ನಾ ಎಂದು ಕೇಳುತ್ತಿದ್ದಾಳೆ. ಅದನ್ನೂ ಬರೆದುಕೊಂಡಳು.

ಕೆಲಸಕ್ಕೆ ಹೋಗುವುದು ಹೋದ ತಿಂಗಳು ನಿಂತಿತು. ಇವತ್ತು ಮೌನಿ ಮನೆಗೆ ಬಂದಿದ್ದ. ಹೆಗಲು ಕೂಡಿಕೊಂಡಿದೆ, ಆದರೆ ಕೈ ಪೂರ್ತಿ ಮೇಲಕ್ಕೆ ಹೋಗುವುದಿಲ್ಲ. ಬಲ್ಬು ಹಾಕಲು ಏಣಿಯ ಒಂದು ಮೆಟ್ಟಿಲು ಹೆಚ್ಚು ಹತ್ತಬೇಕಂತೆ. ಅಯ್ಯೋ ಎಂದೆ. "ನೀವು ಅಯ್ಯೋ ಅನ್ನೋ ಹಾಗಿದ್ರೆ ನಾನು ಬರಲ್ಲ" ಅಂದ. ಆಮೇಲೆ ನನಗೆ ಚಹಾ ಕುಡಿಸಿದ್ದು ಅವನೇ. ಬಟ್ಟಲನ್ನು ಎಷ್ಟು ವಾಲಿಸಬೇಕು ಎಂದು ನಾನು ಹೇಳುತ್ತಿದ್ದೆ. ಸ್ವಲ್ಪ ಮೇಲೆ, ಸಾಕು, ಇನ್ನೊಂದು ಗುಟುಕು. ಅಂಗಿಯ ಮೇಲೆ ಒಂದಿಷ್ಟು ಚೆಲ್ಲಿತು.

ಅವನು ಹೋದ ಮೇಲೆ ನಾನು ಮುಂದಿನ ವರ್ಷದ ಬಗ್ಗೆ ಒಂದು ಸಾಲು ಹೇಳಿದೆ. ಅಮ್ಮ ಪೆನ್ನು ಕೆಳಗಿಟ್ಟಳು. ಇದನ್ನ ನಾನು ಬರೆಯಲ್ಲ ಅಂದಳು. ನನ್ನ ದಿನಚರಿ, ನಾನು ಹೇಳಿದ್ದು ಬರೆಯಬೇಕು ಎಂದೆ. ನನ್ನ ಕೈ, ನನಗೆ ಬೇಕಾದ್ದು ಬರೀತೀನಿ ಅಂದಳು. ಸ್ವಲ್ಪ ಹೊತ್ತು ಹೀಗೇ ಜಗಳ ಆಯಿತು. ಇವರು ಒಳಗಿಂದ ಬಂದು ಇಬ್ಬರನ್ನೂ ನೋಡಿ ಮತ್ತೆ ಒಳಗೆ ಹೋದರು.

ಸರಿ, ಆ ಸಾಲು ಬೇಡ. ಬೇರೆ ಹೇಳುತ್ತೇನೆ.

ಅಮ್ಮನಿಗೆ ಬೆರಳು ನೋಯುತ್ತಿದೆಯಂತೆ, ಇವತ್ತಿಗೆ ಸಾಕು ಅನ್ನುತ್ತಿದ್ದಾಳೆ. ನಾನು ಬಿಡುತ್ತಿಲ್ಲ.